ಗೋದಲಿ ನಮ್ಮ ಮಣ್ಣಿನದಾಗಲಿ
(ಆಗಮನ ಕಾಲದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಕ್ರಿಸ್ತ ಜಯಂತಿ ಸಮೀಪಿಸುತ್ತಿದೆ. ಪೇಟೆಯಿಂದ ತಂದ ಪ್ಲಾಸ್ಟರಿನ ಪ್ರತಿಮೆಗಳನ್ನು ಹಿರಿಯರು ಜೋಡಿಸುವುದು, ಮಕ್ಕಳು ಮುಟ್ಟದೆ ದೂರ ನಿಂತು ನೋಡುವುದು ಅನೇಕ ಕಡೆ ವಾಡಿಕೆಯಾಗಿದೆ. ಗೋದಲಿಯನ್ನು ಮಕ್ಕಳ ಕೈಗೆ ಮರಳಿ ಒಪ್ಪಿಸಬೇಕೆಂಬುದೇ ಇಂದಿನ ನನ್ನ ಬಿನ್ನಹ.

ಗೋದಲಿ ಎಂಬುದು ಉತ್ತರ ಕರ್ನಾಟಕದ ರೈತಾಪಿ ಮಕ್ಕಳಿಗೆ ಹೊಸ ಮಾತಲ್ಲ. ಎತ್ತಿಗೆ ಮೇವು ಹಾಕುವ ಸ್ಥಾನವದು. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಜೋಡೆತ್ತುಗಳನ್ನೂ ಅವುಗಳ ಗೋದಲಿಯನ್ನೂ ಮಣ್ಣಿನಲ್ಲೇ ಮಾಡುತ್ತಾರೆ. ಸಂತ ಲೂಕರ ಶುಭಸಂದೇಶದಲ್ಲಿ ಮಾತೆ ಮರಿಯಳು ಶಿಶುವನ್ನು ಮಲಗಿಸಿದ್ದೂ ಗೋದಲಿಯಲ್ಲೇ. ಅಲ್ಲಿ ಎತ್ತು, ಕತ್ತೆಗಳ ಹೆಸರಿಲ್ಲ. ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ ಸಂಪ್ರದಾಯವು ಅವನ್ನು ಕರೆತಂದಿತು. 1223ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ಹಾಸಿದ ಗೋದಲಿಯನ್ನು ಅಣಿಗೊಳಿಸಿ, ಜೀವಂತ ಎತ್ತು, ಕತ್ತೆಗಳನ್ನೇ ನಿಲ್ಲಿಸಿದರು. ಊರಿನಲ್ಲಿದ್ದುದೇ ಅವರಿಗೆ ಸಾಕಾಯಿತು. ನಮಗೆ ನಮ್ಮ ಮಣ್ಣಿದೆ.

ಹುಮನಾಬಾದ, ಬಸವಕಲ್ಯಾಣ ಸೀಮೆಯ ಹೊಲಗಳ ಎರೆಮಣ್ಣು ನೀರುಂಡು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಆದುದರಿಂದ ಕುಂಬಾರರಿಂದ ಹದವಾದ ಮಣ್ಣು ಪಡೆಯಿರಿ; ಇಲ್ಲವೇ ಎರೆಗೆ ಸಣ್ಣ ಮರಳು ಬೆರೆಸಿರಿ. ಹರಳು ತೆಗೆದು, ನೆನೆಸಿ, ಚೆನ್ನಾಗಿ ನಾದಿ, ಒಂದು ರಾತ್ರಿ ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ. ಗೇಣಿಗಿಂತ ಚಿಕ್ಕ ಗೊಂಬೆಗಳು ಸಾಕು, ಕಾಲುಗಳು ದಪ್ಪಗಿರಲಿ. ಕೊಂಬು, ಕಿವಿ ಅಂಟಿಸುವಲ್ಲಿ ಎರಡೂ ಬದಿ ಗೀರಿ, ತೆಳು ಕೆಸರು ಸವರಬೇಕು. ಬಿಸಿಲಿಗಿಡದೆ ನೆರಳಿನಲ್ಲಿ ವಾರಕಾಲ ಆರಿಸಿ, ಕೆಮ್ಮಣ್ಣು ಬಳಿದರಾಯಿತು. ಸುಡದ ಗೊಂಬೆ ಮುರಿದರೆ ನೆನೆಸಿ ಮತ್ತೆ ಮಾಡಬಹುದು; ಪ್ಲಾಸ್ಟರು ಹಾಗೆ ಮರಳಿ ಮಣ್ಣಾಗದು.

ಮಗು ಮಾಡಿದ ಕುರಿ ನಾಯಿಯಂತೆ ಕಂಡೀತು. ದಯವಿಟ್ಟು ತಿದ್ದಬೇಡಿ, ಬಹುಮಾನದ ಪೈಪೋಟಿಯೂ ಬೇಡ. ತಿದ್ದಿದ ಕುರಿ ತಂದೆಯದಾಗುತ್ತದೆ, ಮಗುವಿನದಾಗಿ ಉಳಿಯದು. ಅಂದವಿಲ್ಲವೆಂದು ಯಾವ ಮಗುವಿನ ಗೊಂಬೆಯನ್ನೂ ಹಿಂದೆ ಸರಿಸಬಾರದು. ಸ್ಥಳವಿಲ್ಲವೆಂಬ ಮಾತು ಬೆತ್ಲೆಹೇಮಿನ ಛತ್ರದಲ್ಲಿ ಒಮ್ಮೆ ಕೇಳಿಬಂದದ್ದೇ ಸಾಕು.

ಮಣ್ಣಾಟವೆಂದರೆ ಬಟ್ಟೆ ಕೊಳೆಯಾಗುವುದೆಂದು ಅಂಜುವ ತಾಯಂದಿರಿಗೊಂದು ಮಾತು. 12ನೆಯ ಶತಮಾನದಲ್ಲಿ ಕಾಯಕದ ಹಿರಿಮೆಯನ್ನು ಸಾರಿದ ನೆಲ ಈ ಕಲ್ಯಾಣ; ಶರಣರ ಸಾಲಿನಲ್ಲಿ ಕುಂಬಾರ ಗುಂಡಯ್ಯನವರನ್ನು ನಾಡು ಇಂದಿಗೂ ನೆನೆಯುತ್ತದೆ. ಆದಿಕಾಂಡದಲ್ಲಿ ದೇವರೇ ಮಣ್ಣಿನಿಂದ ಮನುಷ್ಯನನ್ನು ರೂಪಿಸಿದರು. ಹಾಗಿರುವಾಗ ಮಣ್ಣು ಮೆತ್ತಿದ ಕೈ ನಮಗೆ ನಾಚಿಕೆಯೇ?

ಈ ಕ್ರಿಸ್ತ ಜಯಂತಿಗೆ ನಮ್ಮ ಮಕ್ಕಳ ಕೈ ಕೆಸರಾಗಲಿ ಎಂದು ಹಾರೈಸಿ, ನನ್ನ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ.