ಕಾಶಿಯ ಬೆಳಕು ಮತ್ತು ಚಿತ್ರಕಾರ ಮನು ಪಾರೇಖರು

 

ಮಠದ ಮಹೋತ್ಸವದಲ್ಲಿ ಚಿತ್ರಕಲೆಯ ಪ್ರಸ್ತಾಪವೇತಕ್ಕೆಂದು ಕೆಲವರು ಕೇಳಬಹುದು. ಅದರಲ್ಲಿಯೂ ಕಾಶೀಕ್ಷೇತ್ರವನ್ನು ಬರೆದ ಚಿತ್ರಗಳ ವಿಷಯವೆಂದ ಮೇಲೆ ಪ್ರಶ್ನೆಯು ಮತ್ತಷ್ಟು ತೀಕ್ಷ್ಣವಾಗುವುದು. ಅಂಗೈಯಲ್ಲಿ ಇಷ್ಟಲಿಂಗವಿರುವಾಗ ತೀರ್ಥಯಾತ್ರೆಯೇ ಬೇಕಿಲ್ಲವೆಂದು ಬೋಧಿಸಿದ ಶರಣರ ಸಂತತಿಗೆ, ಆ ತೀರ್ಥದ ಪಟವನ್ನು ನೋಡುವುದರಿಂದ ಆಗಬೇಕಾದುದೇನು? ಈ ಆಕ್ಷೇಪವು ಯುಕ್ತವಾದುದು. ಇದನ್ನು ಪಕ್ಕಕ್ಕೆ ಸರಿಸದೆ, ಚಿತ್ರಗಳನ್ನು ವಿಚಾರಿಸಿಯೇ ಸಮಾಧಾನವನ್ನು ಹುಡುಕುವುದು ಉಚಿತ.

ಕಾಶಿಯು ಕನ್ನಡನಾಡಿನ ಶಿವಭಕ್ತರಿಗೆ ದೂರವಾದರೂ ಅಪರಿಚಿತವಾದುದಲ್ಲ. ಜಗದ್ಗುರು ವಿಶ್ವಾರಾಧ್ಯರ ಜ್ಞಾನಪೀಠವೆನಿಸಿದ ಜಂಗಮವಾಡಿ ಮಠವು ಆ ನಗರದ ನಡುವೆಯೇ ಇರುವುದು. ಈ ನಾಡಿನ ಅನೇಕ ವಟುಗಳು ಕಾಶಿಗೆ ತೆರಳಿ ಶಾಸ್ತ್ರಾಭ್ಯಾಸ ಮಾಡಿ, ಹಿಂದಿರುಗಿ ಪಾಠಶಾಲೆಗಳನ್ನು ಬೆಳಗಿಸಿದರು. ಧಾತುಪಾಠವು ‘ಕಾಶ್’ ಧಾತುವಿಗೆ ಬೆಳಗುವುದೆಂಬ ಅರ್ಥವನ್ನು ಹೇಳುವುದು; ಪ್ರಕಾಶ, ಆಕಾಶ ಎಂಬ ಶಬ್ದಗಳು ಆ ಮೂಲದಿಂದಲೇ ಹುಟ್ಟಿದವು. ಆದುದರಿಂದ ಕಾಶಿಯೆಂದರೆ ಬೆಳಗುವ ಊರು. ಅಲ್ಲಿಯ ವಿಶ್ವೇಶ್ವರನೂ ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಒಬ್ಬನು.

ಹೆಸರಿಗೆ ತಕ್ಕಂತೆ ನೆಲದ ರಚನೆಯೂ ಇರುವುದು. ಹಿಮಾಲಯದಿಂದಿಳಿದು ಪೂರ್ವಸಮುದ್ರದ ಕಡೆಗೆ ಸಾಗುವ ಗಂಗೆಯು ಕಾಶಿಯಲ್ಲಿ ಉತ್ತರಕ್ಕೆ ತಿರುಗಿ, ಬಿಲ್ಲಿನಂತೆ ಬಾಗಿ ಹರಿಯುವಳು. ಊರೆಲ್ಲವೂ ಪಶ್ಚಿಮದ ಎತ್ತರದ ದಡದಲ್ಲಿದೆ. ಎದುರಿನ ಪೂರ್ವದಡದಲ್ಲಿ ಬಹುದೂರದವರೆಗೆ ಬರಿಯ ಮರಳು. ಅಸ್ಸಿಯಿಂದ ರಾಜಘಾಟಿನವರೆಗೆ ಸಾಲಾಗಿರುವ ಸುಮಾರು 84 ಘಟ್ಟಗಳು ಪೂರ್ವಾಭಿಮುಖವಾಗಿರುವುದರಿಂದ, ಉದಯಸೂರ್ಯನ ಮೊದಲ ಕಿರಣವು ತಡೆಯಿಲ್ಲದೆ ನೀರನ್ನು ದಾಟಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರುವುದು. ಮಧ್ಯಾಹ್ನವು ಕಳೆದರೆ ಸೂರ್ಯನು ಊರಿನ ಬೆನ್ನಿಗೆ ಸರಿಯುವನು. ಘಟ್ಟಗಳಿಗೆ ನೆರಳು ಕವಿದರೂ ಎದುರುದಡದ ಮರಳು ಇನ್ನೂ ಹೊಳೆಯುತ್ತಿರುವುದು. ಇರುಳಿನಲ್ಲಿಯೋ, ದಶಾಶ್ವಮೇಧದಲ್ಲಿ ಆರತಿಯ ಬೆಳಕು, ಮಣಿಕರ್ಣಿಕೆಯಲ್ಲಿ ಚಿತೆಯ ಬೆಳಕು. ಒಂದೇ ನೀರು ಎರಡನ್ನೂ ಪ್ರತಿಬಿಂಬಿಸುವುದು. ಕಲ್ಲು ಸ್ಥಾವರ, ಬೆಳಕು ಜಂಗಮ. ನಿಂತಿರುವ ಊರಿನ ಮೇಲೆ ಅನುದಿನವೂ ನಡೆದಾಡುವ ಈ ಜಂಗಮವನ್ನೇ ಚಿತ್ರಕಾರರು ಅರಸಿ ಹೋದುದು.

ಅವರಲ್ಲಿ ಶ್ರೀ ಮನು ಪಾರೇಖರು ಮುಖ್ಯರಾದವರು. ಇವರು 1939ರಲ್ಲಿ ಅಹಮದಾಬಾದಿನಲ್ಲಿ ಜನಿಸಿ, ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ಕಲಿತು 1962ರಲ್ಲಿ ಡಿಪ್ಲೊಮಾ ಪಡೆದರು. ಅನಂತರ ಕೈಮಗ್ಗದ ಹಾಗೂ ಕರಕುಶಲ ವಸ್ತುಗಳ ವಿನ್ಯಾಸಕಾರ್ಯದಲ್ಲಿ ಬಹುವರ್ಷ ದುಡಿದು, ನೇಕಾರರ ಮತ್ತು ಕುಶಲಕರ್ಮಿಗಳ ಒಡನಾಟದಲ್ಲಿ ತಮ್ಮ ಜೀವನವನ್ನು ನಡೆಸಿದರು. ಕಾಯಕದ ಹಿರಿಮೆಯನ್ನು ಬಲ್ಲವರಿಗೆ ಇದು ಅಲ್ಪವಿಷಯವಲ್ಲ. 1991ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ಆದರೆ ಬೆಳಕಿನ ಚಿತ್ರಗಳಿಗೆ ಮುನ್ನ ಅವರ ಕುಂಚವು ಕತ್ತಲೆಯೊಂದನ್ನು ಕಾಣಬೇಕಾಯಿತು. ಬಿಹಾರದ ಭಾಗಲಪುರದಲ್ಲಿ 1979-80ರಲ್ಲಿ ಪೋಲೀಸರು 30ಕ್ಕೂ ಹೆಚ್ಚು ಮಂದಿ ಆಪಾದಿತರ ಕಣ್ಣುಗಳನ್ನು ಚುಚ್ಚಿ, ಆಮ್ಲವನ್ನು ಸುರಿದು, ಅವರನ್ನು ಕುರುಡರನ್ನಾಗಿ ಮಾಡಿದರು. ಅಪರಾಧವು ನಿರ್ಣಯವಾಗುವ ಮೊದಲೇ ದಂಡನೆಯು ನಡೆದುಹೋಯಿತು. ವ್ಯವಹಾರವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಈ ಕ್ರೌರ್ಯದಿಂದ ಕಲಕಿದ ಪಾರೇಖರು, ಮನುಷ್ಯನೇ ಮನುಷ್ಯನಿಗೆ ತಂದ ಅಂಧತ್ವವನ್ನು ಚಿತ್ರಮಾಲೆಯಾಗಿ ಬರೆದರು. ಅದೇ 1980ರ ದಶಕದಲ್ಲಿಯೇ ಅವರು ಕಾಶಿಯನ್ನೂ ಬರೆಯತೊಡಗಿ, ಮುಂದೆ ದಶಕಗಳ ಕಾಲ ಅದನ್ನು ಬಿಡದೆ ಹಿಡಿದರು. ಕಣ್ಣು ಕಳೆದುಕೊಂಡವರ ಸಂಕಟವನ್ನು ಬರೆದ ಕೈಯೇ ಬೆಳಕಿನ ಊರನ್ನೂ ಬರೆಯಿತೆಂಬುದನ್ನು ನೋಡುವವರು ಮರೆಯಲಾಗದು.

ಇವರಿಗಿಂತ ಹಿಂದೆ, 1960ರಲ್ಲಿ, ಶ್ರೀ ರಾಮಕುಮಾರರು ಹುಸೇನರೊಡನೆ ಕಾಶಿಗೆ ಹೋಗಿದ್ದರು. ಅವರ ಪಟಗಳಲ್ಲಿ ಜನರು ಮರೆಯಾಗಿ, ಮನೆಗಳೂ ಮೆಟ್ಟಿಲುಗಳೂ ಬೂದಿಬಣ್ಣದಲ್ಲಿ ಒಂದನ್ನೊಂದು ಒತ್ತಿ ನಿಂತಿರುವುವು. ಅದು ವೈರಾಗ್ಯದ ಬೆಳಕು. ಪಾರೇಖರ ಕಾಶಿಯು ಬೇರೆ ಬಗೆಯದು. ಅವರ ಅನೇಕ ಪಟಗಳಲ್ಲಿ ಆಕಾಶವೂ ನದಿಯೂ ಕಪ್ಪು ಅಥವಾ ಕಡುನೀಲಿ. ನಡುವೆ ಗುಡಿಗಳು ಮೊನಚಾದ ಶಿಖರಗಳೊಡನೆ ಗುಂಪುಗೂಡಿರುವುವು. ಬಾಗಿಲು ಕಿಟಕಿಗಳಿಂದ ಹಳದಿಯೂ ಬಿಳಿಯೂ ಆದ ಬೆಳಕು ಇಣುಕುವುದು. ನೀರಿನ ಮೇಲೆ ತೇಲುವುದು ಹೂವೋ ಹಣತೆಯೋ ತಿಳಿಯದು. ಮನುಷ್ಯರ ಆಕೃತಿಗಳು ವಿರಳ. ಆದರೂ ಉರಿಯುವ ದೀಪವು ಹಚ್ಚಿದವರನ್ನೂ, ಅರ್ಪಿಸಿದ ಹೂವು ಅರ್ಪಿಸಿದವರನ್ನೂ ಸೂಚಿಸುವುದರಿಂದ ಊರು ನಿರ್ಜನವಾಗಿ ತೋರದು. ಕತ್ತಲೆಯು ಅಲ್ಲಿ ಬೆಳಕಿನ ವೈರಿಯಾಗಿಲ್ಲ, ಅದರ ಆಸನವಾಗಿದೆ. ಹಗಲಿನಲ್ಲಿ ಹಣತೆಯನ್ನು ಯಾರೂ ಲಕ್ಷಿಸರು. ಇರುಳಿನಲ್ಲಿ ಅದೇ ಹಣತೆಯು ದಾರಿಯನ್ನು ತೋರುವುದು.

ಇಷ್ಟಲಿಂಗಪೂಜೆಯನ್ನು ಆಚರಿಸುವವರಿಗೆ ಈ ರಹಸ್ಯವು ಹೊಸದಲ್ಲ. ಲಿಂಗದ ಮೇಲೆ ಕಂಥೆಯ ಕಪ್ಪು ಹೊದಿಕೆಯಿರುವುದು. ಎಡದ ಅಂಗೈಯಲ್ಲಿ ಅದನ್ನಿಟ್ಟು ಎವೆಯಿಕ್ಕದೆ ನೋಡುವಾಗ, ಬಳಿಯ ದೀಪವು ಆ ನುಣುಪಾದ ಕಪ್ಪಿನಲ್ಲಿ ಒಂದು ಬೆಳಕಿನ ಬಿಂದುವಾಗಿ ಮೂಡುವುದು. ಬಿಳಿಯ ವಸ್ತುವಿನ ಮೇಲೆ ಆ ಬಿಂದುವು ಅಷ್ಟು ಸ್ಪಷ್ಟವಾಗಿ ಕಾಣದು. ಕಪ್ಪಿನಲ್ಲಿ ಮಾತ್ರ ದೃಷ್ಟಿಯು ಅಲೆಯದೆ ಅಲ್ಲಿಯೇ ನೆಲೆಗೊಳ್ಳುವುದು. ಪಾರೇಖರು ಈ ಪೂಜೆಯನ್ನು ನೆನೆದು ಬರೆದರೆಂದು ಹೇಳಲು ಆಧಾರವಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಶಿವಯೋಗಿಯ ಕರಸ್ಥಲದಲ್ಲಿಯೂ ಚಿತ್ರಕಾರನ ಪಟದಲ್ಲಿಯೂ ಕಣ್ಣಿನ ಧರ್ಮವು ಒಂದೇ ಆಗಿರುವುದರಿಂದ ಈ ಸಾಮ್ಯವು ತಾನಾಗಿಯೇ ಒದಗಿತು.

ಈಗ ಮೊದಲಿನ ಆಕ್ಷೇಪಕ್ಕೆ ಬರೋಣ. ಶರಣರು ತೀರ್ಥಯಾತ್ರೆಯನ್ನು ಅಲ್ಲಗಳೆದುದು, ಪುಣ್ಯವು ಒಂದು ಸ್ಥಳದಲ್ಲಿ ಮಾತ್ರ ದೊರೆಯುವುದೆಂಬ ಭ್ರಾಂತಿಯನ್ನು ಕಳೆಯುವುದಕ್ಕಾಗಿ. ನೋಡುವುದನ್ನು ಅವರು ನಿಷೇಧಿಸಲಿಲ್ಲ. ದೃಷ್ಟಿಯನ್ನೇ ಯೋಗವನ್ನಾಗಿ ಮಾಡಿದರು. ಪಾರೇಖರ ಪಟಗಳನ್ನು ನೋಡಿದುದರಿಂದ ಕಾಶಿಗೆ ಹೋದ ಪುಣ್ಯವು ಬರುವುದೆಂದು ಯಾರೂ ಭಾವಿಸಬಾರದು. ಅವು ಕೊಡುವುದು ನೋಟದ ಶಿಕ್ಷಣವನ್ನು. ಕಾಶಿಯಲ್ಲಿ ಕೆಲಕಾಲ ವಾಸಿಸಿಯೂ ಬೆಳಕನ್ನು ಕಾಣದವರುಂಟು; ಕಾಶಿಯನ್ನು ಕಾಣದೆಯೂ ಮನೆಯ ಜಗುಲಿಯ ಹಣತೆಯಲ್ಲಿ ಅದನ್ನು ಕಂಡವರುಂಟು. ಮೊದಲಿನವರು ಎರಡನೆಯವರಂತಾಗುವುದಕ್ಕೆ ಒಳ್ಳೆಯ ಚಿತ್ರವು ನೆರವಾದರೆ ಅದು ಸಾರ್ಥಕವೇ ಸರಿ.

ಇನ್ನೊಂದು ಮಾತಿದೆ. ಭಾಗಲಪುರದಲ್ಲಿ ಕಣ್ಣು ಕಳೆದುಕೊಂಡವರಿಗೆ ಯಾವ ಚಿತ್ರವೂ ಕಣ್ಣನ್ನು ಹಿಂದಿರುಗಿಸಲಾರದು. ಅವರನ್ನು ಮರೆತು ಬೆಳಕನ್ನು ಸ್ತುತಿಸಿದರೆ ಆ ಸ್ತುತಿಯು ಪೊಳ್ಳಾಗುವುದು. ದಯೆಯಿಲ್ಲದ ಕಣ್ಣು ಎಷ್ಟು ದೀಪಗಳನ್ನು ಕಂಡರೂ ಕುರುಡೇ. ಎರಡು ಚಿತ್ರಮಾಲೆಗಳನ್ನೂ ಬರೆದ ಪಾರೇಖರ ಕೆಲಸದಲ್ಲಿ ಭಕ್ತರು ಗ್ರಹಿಸಬೇಕಾದ ಪಾಠವಿದು.

ಮಹೋತ್ಸವದ ಈ ಸಂಜೆ ಮಠದ ಅಂಗಳದಲ್ಲಿ ಹಣತೆಗಳು ಬೆಳಗುವುವು. ಅವುಗಳ ಸುತ್ತಲಿನ ಕತ್ತಲೆಯನ್ನೂ ಶರಣಬಂಧುಗಳು ಒಮ್ಮೆ ಗಮನವಿಟ್ಟು ನೋಡಲಿ; ಆ ಕತ್ತಲೆಯಲ್ಲಿ ನಿಂತಿರುವವರ ಕಡೆಗೂ ದೀಪವನ್ನು ಒಯ್ಯಲಿ. ಶ್ರೀಗುರುಕೃಪೆಯು ಸರ್ವರ ಅಂತರಂಗವನ್ನು ಬೆಳಗಲಿ.