ಕಿಟಕಿಯಾಚೆಯ ಮರ



ಮುಂಬಯಿಯಲ್ಲಿ ಮನೆ ಕೊಳ್ಳುವವರು ಚದರ ಅಡಿಯ ದರವನ್ನೂ ರೈಲುನಿಲ್ದಾಣದ ದೂರವನ್ನೂ ತಪ್ಪದೆ ವಿಚಾರಿಸುತ್ತಾರೆ. ಮಲಗುವ ಕೋಣೆಯ ಕಿಟಕಿಯಿಂದ ಒಂದಾದರೂ ಮರ ಕಾಣುವುದೇ ಎಂದು ಕೇಳುವವರು ವಿರಳ. ಆದರೆ ಆ ಪ್ರಶ್ನೆಗೂ ಮನಸ್ಸಿನ ಸ್ವಾಸ್ಥ್ಯಕ್ಕೂ ನಿಕಟ ಸಂಬಂಧವುಂಟು.

ಅಮೆರಿಕದ ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪರಿಶೀಲಿಸಿದರು. ವಯಸ್ಸು ಮೊದಲಾದವುಗಳಲ್ಲಿ ಪರಸ್ಪರ ಹೋಲುವ 23 ಜೋಡಿಗಳನ್ನು ಆರಿಸಿಕೊಂಡರು. ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಮತ್ತೊಬ್ಬರದರಿಂದ ಇಟ್ಟಿಗೆಯ ಗೋಡೆ ಮಾತ್ರ. ಮರಗಳನ್ನು ಕಂಡವರು ಸರಾಸರಿ 7.96 ದಿನಗಳಲ್ಲಿ, ಗೋಡೆಯನ್ನು ಕಂಡವರು 8.70 ದಿನಗಳಲ್ಲಿ ಆಸ್ಪತ್ರೆಯಿಂದ ಬಿಡುಗಡೆ ಹೊಂದಿದರು. ಮೊದಲಿನವರಿಗೆ ತೀವ್ರ ನೋವುನಿವಾರಕಗಳೂ ಕಡಿಮೆ ಸಾಕಾದವು. ಈ ವರದಿ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಿಗಳ ಸಂಖ್ಯೆ ಚಿಕ್ಕದು. ಆದರೂ ಅದು ಎತ್ತಿದ ಪ್ರಶ್ನೆ ದೊಡ್ಡದು.

ಇದಕ್ಕೆ ಕಾರಣವೇನು? ನಗರದಲ್ಲಿ ಮನಸ್ಸು ಸದಾ ಎಚ್ಚರದಿಂದಿರಬೇಕಾಗುತ್ತದೆ. ವಾಹನ, ಗಡಿಯಾರ, ದೂರವಾಣಿ ಇವೆಲ್ಲ ಅದನ್ನು ದಣಿಸುತ್ತವೆ. ಅಲುಗುವ ಎಲೆ, ಕೊಂಬೆಯ ಮೇಲಿನ ಹಕ್ಕಿ ಮನಸ್ಸನ್ನು ಸೆಳೆಯುತ್ತವೆ, ಆದರೆ ದಣಿಸುವುದಿಲ್ಲ. ಅಮೆರಿಕದಲ್ಲಿಯೇ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮರಗಿಡಗಳ ನಡುವೆ 90 ನಿಮಿಷ ನಡೆದವರಲ್ಲಿ ಚಿಂತೆಯನ್ನೇ ಮೆಲುಕು ಹಾಕುವ ಪ್ರವೃತ್ತಿ ತಗ್ಗಿತು. ವಾಹನನಿಬಿಡ ರಸ್ತೆಯ ಬದಿಯಲ್ಲಿ ನಡೆದವರಲ್ಲಿ ತಗ್ಗಲಿಲ್ಲ. ಜಪಾನಿನ ಅರಣ್ಯ ಇಲಾಖೆಯು 1982ರಲ್ಲಿಯೇ ‘ಅರಣ್ಯಸ್ನಾನ’ವೆಂಬ ಹೆಸರಿನಲ್ಲಿ ವನವಿಹಾರಕ್ಕೆ ಪ್ರೋತ್ಸಾಹವಿತ್ತಿತು.

ಊರಿನಲ್ಲಿ ಮಾವು, ಹಲಸು, ತೆಂಗುಗಳ ನಡುವೆ ಬಾಳಿದ ಎಷ್ಟೋ ತಾಯಿತಂದೆಯರು ಇಳಿವಯಸ್ಸಿನಲ್ಲಿ ಮಕ್ಕಳೊಡನೆ ಇರಲು ಈ ನಗರಕ್ಕೆ ಬರುತ್ತಾರೆ. ಊಟ, ಔಷಧಗಳಿಗೆ ಕೊರತೆಯಿರುವುದಿಲ್ಲ; ದಿನವಿಡೀ ದೃಷ್ಟಿಗೆ ಬೀಳುವುದು ಮಾತ್ರ ಎದುರು ಕಟ್ಟಡದ ಗೋಡೆ. ಅವರ ಮೌನವನ್ನು ವಯಸ್ಸಿನ ಸ್ವಭಾವವೆಂದು ಮನೆಯವರು ಸುಮ್ಮನಾಗುತ್ತಾರೆ. ಅವರ ಮಂಚವನ್ನು ಮರ ಕಾಣುವ ಕಿಟಕಿಯ ಬಳಿಗೆ ಸರಿಸಲು ಖರ್ಚೇನೂ ಇಲ್ಲ. ಬೊರಿವಲಿಯಲ್ಲಿ 100 ಚದರ ಕಿಲೋಮೀಟರಿಗೂ ಮಿಗಿಲಾದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ರಜೆಯ ಮುಂಜಾನೆ ಅವರನ್ನು ಅಲ್ಲಿಗೆ ಕರೆದೊಯ್ಯಬಹುದು.

ಖಿನ್ನತೆಯು ಕಾಯಿಲೆಯಾಗಿದ್ದರೆ ವೈದ್ಯರ ಚಿಕಿತ್ಸೆ ಬೇಕೇ ಬೇಕು. ಮರವು ಔಷಧಕ್ಕೆ ಬದಲಿಯಲ್ಲ, ಜೊತೆಗಾರ. ಸೊಸೈಟಿಯ ಸಭೆಯಲ್ಲಿ ವಾಹನ ನಿಲುಗಡೆಗಾಗಿ ಮರ ಕಡಿಯುವ ಮಾತು ಬಂದಾಗ, ಅದು ಯಾವ ಹಿರಿಯರ ಕಿಟಕಿಯ ಮರವೆಂದು ಒಮ್ಮೆ ತಲೆಯೆತ್ತಿ ನೋಡುವುದು ಒಳಿತು.