ದೇವರು ಮನುಷ್ಯನಾದ ಮೇಲೆ: ಕಥೋಲಿಕ ನಂಬಿಕೆಯ ಕುರಿತ ಕೆಲವು ಪ್ರಶ್ನೆಗಳು



ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಕೆಂಗೇರಿಯವರೆಗೆ ಹಬ್ಬಿರುವ ಬೆಂಗಳೂರಿನ ಈ ಪಶ್ಚಿಮ ಭಾಗದಲ್ಲಿ ಕಥೋಲಿಕರು ಅಪರಿಚಿತರಲ್ಲ. ಡಿಸೆಂಬರ್ ಬಂದರೆ ಪಕ್ಕದ ಮನೆಯ ಗೋದಲಿಯನ್ನು ನೋಡಲು ಬೀದಿಯ ಮಕ್ಕಳೆಲ್ಲ ಹೋಗುತ್ತಾರೆ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸಂತ ಮರಿಯಮ್ಮನ ಬಸಿಲಿಕಾದ ತೇರಿಗೆ ಕ್ರೈಸ್ತರಲ್ಲದವರೂ ಸಾವಿರಾರು ಮಂದಿ ಸೇರುತ್ತಾರೆ. ಇಷ್ಟು ಹತ್ತಿರವಿದ್ದರೂ ನೆರೆಯವರ ಮನಸ್ಸಿನಲ್ಲಿ ಕೆಲವು ಪ್ರಶ್ನೆಗಳು ಹಾಗೆಯೇ ಉಳಿದಿವೆ. ನಿಮಗೆ ಮೂವರು ದೇವರೆ? ವಿಗ್ರಹ ಕೂಡದು ಎನ್ನುವ ಬೈಬಲ್ ಓದುತ್ತ ಪ್ರತಿಮೆಯ ಮುಂದೆ ಮೊಂಬತ್ತಿ ಏಕೆ ಹಚ್ಚುತ್ತೀರಿ? ಮರಿಯಮ್ಮ ದೇವರೆ? ಗುರುಗಳೂ ನಮ್ಮಂತೆ ಮನುಷ್ಯರು, ಅವರೆದುರು ಪಾಪ ಹೇಳಿಕೊಳ್ಳುವುದೇಕೆ? ಪೋಪರು ತಪ್ಪೇ ಮಾಡುವುದಿಲ್ಲವೆ? ಕ್ರೈಸ್ತರಲ್ಲದ ನಾವೆಲ್ಲ ನರಕಕ್ಕೆ ಹೋಗುತ್ತೇವೆಯೆ? ಇವಕ್ಕೆ ಒಂದೊಂದಾಗಿ ಉತ್ತರ ಹೇಳುವ ಕಿರುಹೊತ್ತಿಗೆಗಳು ಬೇಕಾದಷ್ಟಿವೆ. ಆದರೆ ಬಿಡಿ ಉತ್ತರಗಳಿಂದ ನಂಬಿಕೆ ಒಂದು ನಿಯಮಾವಳಿಯಂತೆ ಕಾಣುತ್ತದೆ, ಅರ್ಥವಾಗುವುದಿಲ್ಲ. ಈ ಪ್ರಶ್ನೆಗಳೆಲ್ಲ ಒಂದೇ ಪ್ರಶ್ನೆಯಿಂದ ಹುಟ್ಟಿದವು ಎಂಬುದು ನನ್ನ ವಾದ. ನಜರೇತಿನ ಯೇಸು ಯಾರು ಎಂಬುದೇ ಆ ಪ್ರಶ್ನೆ. ದೇವರು ನಿಜವಾಗಿ ಮನುಷ್ಯನಾದನೆಂಬ ಮಾತನ್ನು ಒಪ್ಪಿದರೆ ಕಥೋಲಿಕ ಆಚರಣೆಯ ಬಹುಭಾಗ ಅದರಿಂದಲೇ ಹೊರಡುತ್ತದೆ. ಒಪ್ಪದವರಿಗೂ ಅದರ ಒಳಗಿನ ತರ್ಕ ಕಾಣುತ್ತದೆ.

ಇದು ನಾನು ಇಂದು ಹೆಣೆದ ವಾದವಲ್ಲ. ಧರ್ಮಸಭೆಯ ಮಹಾಸಭೆಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ. ಇಂದಿನ ಟರ್ಕಿಯಲ್ಲಿರುವ ನಿಸೇಯದಲ್ಲಿ 325ರಲ್ಲಿ ಧರ್ಮಾಧ್ಯಕ್ಷರು ಸೇರಿದ್ದು ಅಲೆಕ್ಸಾಂಡ್ರಿಯದ ಅರಿಯಸ್ ಎಂಬ ಗುರುವಿನ ಬೋಧನೆಯನ್ನು ಪರಿಶೀಲಿಸಲು. ಯೇಸು ಎಷ್ಟೇ ಶ್ರೇಷ್ಠನಾದರೂ ದೇವರು ಸೃಷ್ಟಿಸಿದವನೇ ಎಂದು ಅರಿಯಸ್ ಹೇಳುತ್ತಿದ್ದ. ಸಭೆ ಅದನ್ನು ತಳ್ಳಿಹಾಕಿ, ಪುತ್ರನು ಪಿತನೊಡನೆ ಒಂದೇ ಸತ್ವದವನು ಎಂದು ಸಾರಿತು. ತ್ರಿತ್ವದ ಬೋಧನೆ ಬೆಳೆದದ್ದು ಹೀಗೆ. ದೇವರ ಸಂಖ್ಯೆಯನ್ನು ಮೂರಕ್ಕೇರಿಸುವ ಆಸೆ ಯಾರಿಗೂ ಇರಲಿಲ್ಲ. ದೇವರು ಒಬ್ಬನೇ ಎಂಬ ಯೆಹೂದಿ ನಂಬಿಕೆಯನ್ನು ಬಿಡುವಂತಿಲ್ಲ, ಯೇಸುವಿಗೆ ಮೊದಲಿನಿಂದಲೂ ಸಲ್ಲುತ್ತ ಬಂದ ಆರಾಧನೆಯನ್ನೂ ನಿರಾಕರಿಸುವಂತಿಲ್ಲ. ಎರಡನ್ನೂ ಹಿಡಿದಿಟ್ಟುಕೊಳ್ಳಲು ಕಂಡ ದಾರಿ ಅದು. ಪಿತ, ಪುತ್ರ, ಪವಿತ್ರಾತ್ಮ ಮೂರು ವ್ಯಕ್ತಿಗಳು. ಸತ್ವ ಒಂದೇ, ದೇವರು ಒಬ್ಬನೇ. ಮುಂದೆ 451ರ ಕಾಲ್ಸೆದೋನ್ ಸಭೆ ಯೇಸುವಿನಲ್ಲಿ ದೈವತ್ವವೂ ಮನುಷ್ಯತ್ವವೂ ಬೆರಕೆಯಾಗದೆ, ಬೇರ್ಪಡದೆ ಕೂಡಿವೆ ಎಂದಿತು. ಈ ತೀರ್ಮಾನಗಳು ದೇವರ ರಹಸ್ಯವನ್ನು ಬಿಡಿಸಿಟ್ಟೆವೆಂದು ಹೇಳಿಕೊಳ್ಳುವುದಿಲ್ಲ. ಯಾವುದನ್ನು ಹೇಳಬಾರದು ಎಂಬ ಎಲ್ಲೆಯನ್ನಷ್ಟೇ ಹಾಕುತ್ತವೆ. ಧರ್ಮಸಿದ್ಧಾಂತ ಎಂದರೆ ಯೋಚನೆಗೆ ಹಾಕಿದ ಬೀಗ ಎಂದು ತಿಳಿದವರು ಈ ವಿನಯವನ್ನು ಗಮನಿಸಬೇಕು.

ಈಗ ಪ್ರತಿಮೆಯ ವಿಚಾರ. ಈ ಆಕ್ಷೇಪ ಎರಡು ದಿಕ್ಕಿನಿಂದ ಬರುತ್ತದೆ. ವಿಮೋಚನಾಕಾಂಡದ 20ನೇ ಅಧ್ಯಾಯ ವಿಗ್ರಹಗಳನ್ನು ನಿಷೇಧಿಸಿದೆ ಎನ್ನುವ ಪ್ರೊಟೆಸ್ಟಂಟ್ ಸೋದರರು ಒಂದು ಕಡೆ. ನಮ್ಮ ಮೂರ್ತಿಪೂಜೆಯನ್ನು ಮಿಷನರಿಗಳು ಹಳಿದರಲ್ಲ, ನಿಮ್ಮ ಗುಡಿಯಲ್ಲಿರುವುದು ಮತ್ತೇನು ಎಂದು ಕೇಳುವ ಹಿಂದೂ ಬಂಧುಗಳು ಇನ್ನೊಂದು ಕಡೆ. ಎರಡನೆಯ ಪ್ರಶ್ನೆಯಲ್ಲಿ ನ್ಯಾಯವಿದೆ. ಮಿಷನರಿಗಳು ಇಲ್ಲಿನ ಪೂಜೆಯ ಬಗ್ಗೆ ಬರೆದದ್ದರಲ್ಲಿ ತಿರಸ್ಕಾರ ಹೆಚ್ಚು, ತಿಳಿವಳಿಕೆ ಕಡಿಮೆ. ಮೊದಲನೆಯದಕ್ಕೆ ಬೈಬಲಿನಲ್ಲೇ ಉತ್ತರವಿದೆ. ಅದೇ ವಿಮೋಚನಾಕಾಂಡದ 25ನೇ ಅಧ್ಯಾಯದಲ್ಲಿ ಒಡಂಬಡಿಕೆಯ ಮಂಜೂಷದ ಮೇಲೆ ಕೆರೂಬಿಗಳೆಂಬ ದೇವದೂತರ ಚಿನ್ನದ ಪ್ರತಿಮೆಗಳನ್ನು ಮಾಡಿಸಲು ದೇವರೇ ಮೋಶೆಗೆ ಹೇಳುತ್ತಾನೆ. ಸಂಖ್ಯಾಕಾಂಡದಲ್ಲಿ ಹಾವು ಕಚ್ಚಿದವರು ನೋಡಿ ಬದುಕಲೆಂದು ಕಂಚಿನ ಸರ್ಪವನ್ನು ಎತ್ತಿ ನಿಲ್ಲಿಸುತ್ತಾರೆ. ಆದರೆ ಆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಶತಮಾನಗಳ ನಂತರ ಜನ ಅದೇ ಕಂಚಿನ ಸರ್ಪಕ್ಕೆ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯ ಅದನ್ನು ಒಡೆದು ಚೂರು ಮಾಡಿದನೆಂದು ಅರಸುಗಳ ಗ್ರಂಥ ಹೇಳುತ್ತದೆ. ಪ್ರತಿಮೆಗೆ ಅನುಮತಿಯೂ ಅದರ ಅಪಾಯದ ಎಚ್ಚರಿಕೆಯೂ ಒಂದೇ ಗ್ರಂಥದಲ್ಲಿವೆ.

ಎಂಟನೇ ಶತಮಾನದಲ್ಲಿ ಬಿಜಾಂಟಿಯಂನ ಚಕ್ರವರ್ತಿಗಳು ಪವಿತ್ರ ಚಿತ್ರಗಳನ್ನು ನಾಶ ಮಾಡಿಸಿದಾಗ ಅದನ್ನು ವಾದದಿಂದ ಎದುರಿಸಿದವರು ದಮಾಸ್ಕಸ್ಸಿನ ಸಂತ ಯೊವಾನ್ನರು. ಕಣ್ಣಿಗೆ ಕಾಣದ ದೇವರನ್ನು ಚಿತ್ರಿಸಲಾಗದು ಎಂಬುದನ್ನು ಅವರು ಒಪ್ಪುತ್ತಾರೆ. ಆದರೆ ಆ ದೇವರು ಮನುಷ್ಯನಾಗಿ ಕಾಣಿಸಿಕೊಂಡ ಮೇಲೆ, ಹಸಿದು ಉಂಡು ದಣಿದು ಸತ್ತ ಮೇಲೆ, ಆ ಮುಖವನ್ನು ಬರೆಯಬಾರದು ಎಂದರೆ ಅವನು ಮನುಷ್ಯನಾದದ್ದನ್ನೇ ಅಲ್ಲಗಳೆದಂತೆ ಎಂದು ವಾದಿಸುತ್ತಾರೆ. 787ರಲ್ಲಿ ಸೇರಿದ ಎರಡನೇ ನಿಸೇಯ ಸಭೆ ಈ ವಾದವನ್ನು ಎತ್ತಿಹಿಡಿಯಿತು. ಚಿತ್ರಕ್ಕೆ ತೋರುವ ಗೌರವ ಆ ಚಿತ್ರದಲ್ಲಿರುವ ವ್ಯಕ್ತಿಗೆ ಸಲ್ಲುತ್ತದೆ, ಆರಾಧನೆ ಮಾತ್ರ ದೇವರೊಬ್ಬನಿಗೇ ಮೀಸಲು ಎಂದು ಅದು ಗೆರೆ ಎಳೆಯಿತು. ಪ್ರತಿಮೆಯ ಮುಂದೆ ಮಂಡಿಯೂರುವ ಕಥೋಲಿಕನು ಆ ಗೆರೆಯನ್ನು ದಾಟಿದರೆ ಅದು ಅವನ ಧರ್ಮದ ಪ್ರಕಾರವೇ ತಪ್ಪು.

ಬಸವಣ್ಣನವರ ಹೆಸರು ಹೊತ್ತ ಬಡಾವಣೆಯ ಮಗ್ಗುಲಲ್ಲಿ ನಿಂತು ಮಾತಾಡುವಾಗ ಶರಣರ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾಗದು. ಹನ್ನೆರಡನೇ ಶತಮಾನದಲ್ಲಿ ಸ್ಥಾವರವನ್ನು ನಿರಾಕರಿಸಿ ದೇಹವನ್ನೇ ದೇಗುಲವೆಂದು ಕಂಡವರ ನಾಡಿದು. ಗುಡಿ, ಪೀಠ, ಪುರೋಹಿತ ಇವೆಲ್ಲ ಏಕೆ ಬೇಕು ಎಂದು ಶರಣಧರ್ಮ ಕೇಳುತ್ತದೆ. ಗಮನಿಸಬೇಕಾದ ಸಂಗತಿ ಎಂದರೆ ಶರಣರು ಕಾಣುವ ಕುರುಹನ್ನು ಬಿಡಲಿಲ್ಲ, ಗುಡಿಯಿಂದ ಅಂಗೈಗೆ ತಂದುಕೊಂಡರು. ಇಷ್ಟಲಿಂಗ ಕಣ್ಣಿಗೆ ಕಾಣುವ, ಮೈಗೆ ತಾಗುವ ಕುರುಹು. ಹೀಗಾಗಿ ಮೂರ್ತವೋ ಅಮೂರ್ತವೋ ಎಂಬಲ್ಲಿ ಈ ಎರಡು ಪರಂಪರೆಗಳ ನಡುವೆ ಜಗಳವಿಲ್ಲ. ಭೇದವಿರುವುದು ಮಧ್ಯವರ್ತಿಯ ವಿಷಯದಲ್ಲಿ. ಕಥೋಲಿಕರು ಗುರುವಿನ ಮೂಲಕ ನಡೆಯುವ ಸಂಸ್ಕಾರಗಳನ್ನು ಉಳಿಸಿಕೊಂಡಿದ್ದಾರೆ, ಶರಣರು ಪುರೋಹಿತಶಾಹಿಯನ್ನು ತೊರೆದರು. ಇದು ನಿಜವಾದ ಭೇದ, ಸೌಜನ್ಯಕ್ಕಾಗಿ ಅದನ್ನು ಮರೆಮಾಚಬೇಕಾಗಿಲ್ಲ.

ಪಾಪನಿವೇದನೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ದೇವರೊಬ್ಬನೇ ಪಾಪ ಕ್ಷಮಿಸಬಲ್ಲ, ಮನುಷ್ಯ ಯಾರು ಎಂಬ ಆಕ್ಷೇಪ ಹೊಸದಲ್ಲ. ಮಾರ್ಕನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಗೆ ಯೇಸು ಕ್ಷಮೆಯನ್ನು ಸಾರಿದಾಗ ಅಲ್ಲಿದ್ದ ಧರ್ಮಶಾಸ್ತ್ರಿಗಳು ಇದೇ ಆಕ್ಷೇಪವನ್ನು ಮನಸ್ಸಿನಲ್ಲಿ ಎತ್ತಿದ್ದರು. ದೇವರ ಕ್ಷಮೆ ಒಬ್ಬ ಮನುಷ್ಯನ ಬಾಯಿಂದ ಕೇಳಿಬರಬಹುದೆ ಎಂಬುದೇ ಅಂದಿನ ಪ್ರಶ್ನೆಯೂ ಹೌದು, ಇಂದಿನದೂ ಹೌದು. ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಪುನರುತ್ಥಾನಿ ಯೇಸು ಈ ಅಧಿಕಾರವನ್ನು ಶಿಷ್ಯರಿಗೆ ಒಪ್ಪಿಸುತ್ತಾನೆ. ಗುರು ತನ್ನ ಯೋಗ್ಯತೆಯಿಂದ ಕ್ಷಮಿಸುವುದಿಲ್ಲ. ಅವನೂ, ಜಗದ್ಗುರು ಪೋಪರೂ ಇನ್ನೊಬ್ಬ ಗುರುವಿನ ಮುಂದೆ ಮಂಡಿಯೂರಿ ಪಾಪ ಹೇಳಿಕೊಳ್ಳಲೇಬೇಕು. ಕೇಳಿದ್ದನ್ನು ಹೊರಗೆ ಹೇಳಿದ ಗುರು ತಾನಾಗಿಯೇ ಬಹಿಷ್ಕಾರಕ್ಕೆ ಒಳಗಾಗುತ್ತಾನೆ. ಬಲಿಪೂಜೆಯ ರೊಟ್ಟಿ ದ್ರಾಕ್ಷಾರಸಗಳಲ್ಲಿ ಕ್ರಿಸ್ತನು ನಿಜವಾಗಿ ಇರುತ್ತಾನೆಂಬ ನಂಬಿಕೆಯ ನಡೆಯೂ ಇದೇ. ಮನುಷ್ಯದೇಹದಲ್ಲಿ ಬರಲು ಹೇಸದವನು ಅನ್ನದ ರೂಪದಲ್ಲಿ ಬರಲು ಹೇಸುತ್ತಾನೆಯೆ?

ಮರಿಯಮ್ಮನ ವಿಷಯದಲ್ಲಿ ಹೊರಗಿನವರಷ್ಟೇ ಅಲ್ಲ, ಭಕ್ತರೂ ಎಡವುತ್ತಾರೆ. 431ರ ಎಫೆಸ ಸಭೆ ಆಕೆಗೆ ದೇವಮಾತೆ ಎಂಬ ಬಿರುದನ್ನು ಒಪ್ಪಿದ್ದು ಆಕೆಯನ್ನು ದೇವಿಯಾಗಿಸಲು ಅಲ್ಲ. ಆಕೆ ಹೆತ್ತ ಮಗು ಮೊದಲು ಬರಿಯ ಮನುಷ್ಯನಾಗಿದ್ದು ಆಮೇಲೆ ದೇವರಾಯಿತು ಎನ್ನುವವರನ್ನು ತಡೆಯಲು. ತಾಯಿಯ ಬಿರುದಿನ ಹಿಂದಿರುವುದು ಮಗನ ಕುರಿತ ತೀರ್ಮಾನ. 1854ರಲ್ಲಿ ಘೋಷಿಸಿದ ಅಮಲೋದ್ಭವ ಸಿದ್ಧಾಂತವನ್ನು ಯೇಸುವಿನ ಕನ್ಯಾಜನನವೆಂದು ತಿಳಿಯುವವರು ಬಹಳ. ಅದು ಮರಿಯಮ್ಮ ತನ್ನ ತಾಯಿಯ ಗರ್ಭದಲ್ಲಿ ಮೂಡಿದ ಕ್ಷಣದಿಂದಲೇ ಜನ್ಮಪಾಪದಿಂದ ಮುಕ್ತಳಾಗಿದ್ದಳು ಎಂಬ ಬೋಧನೆ, ಅದೂ ಮಗನ ಪುಣ್ಯದಿಂದ. ಶಿವಾಜಿನಗರದಲ್ಲಿ ಸೀರೆ ಉಟ್ಟು ನಿಂತ ಆಕೆಗೆ ಹರಕೆ ಹೊರುವುದು ತಪ್ಪಲ್ಲ. ತನಗಾಗಿ ದೇವರಲ್ಲಿ ಬೇಡು ಎಂದು ಕೇಳುವುದೇ ಆ ಹರಕೆ. ಪೋಪರ ಪ್ರಮಾದರಾಹಿತ್ಯದ ಪ್ರಶ್ನೆಯಂತೂ ಚಿಕ್ಕದು. 1870ರ ಮೊದಲ ವ್ಯಾಟಿಕನ್ ಸಭೆ ಅದನ್ನು ಘೋಷಿಸಿದ ಮೇಲೆ ಆ ಅಧಿಕಾರದಿಂದ ಹೊರಟ ಔಪಚಾರಿಕ ಘೋಷಣೆ ಒಂದೇ: 1950ರಲ್ಲಿ, ಮರಿಯಮ್ಮನ ಸ್ವರ್ಗಸ್ವೀಕಾರದ ಕುರಿತು. ಪೋಪರು ಪಾಪ ಮಾಡುವುದಿಲ್ಲವೆಂದಾಗಲಿ, ಅವರ ಎಲ್ಲ ಅಭಿಪ್ರಾಯಗಳೂ ಸರಿಯೆಂದಾಗಲಿ ಧರ್ಮಸಭೆ ಎಂದೂ ಹೇಳಿಲ್ಲ.

ಕನ್ನಡನಾಡಿನಲ್ಲಿ ಅತ್ಯಂತ ಸಹಜವಾಗಿ ಏಳುವ ಪ್ರಶ್ನೆ ಬೇರೆಯೇ ಇದೆ, ಪಾಶ್ಚಾತ್ಯ ಪುಸ್ತಕಗಳು ಅದನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ. ದೇವರು ಮನುಷ್ಯನಾಗಿ ಬರುತ್ತಾನೆಂಬುದು ನಮಗೆ ವಿಚಿತ್ರವಲ್ಲ, ಆದರೆ ಒಂದೇ ಸಲ ಏಕೆ? ಹದಿನೇಳನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಕಟ್ಟಿದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದವರು. ಅವತಾರಗಳ ನಂಬಿಕೆಯಲ್ಲಿ ಬೆಳೆದ ಜನಕ್ಕೆ ಉತ್ತರ ಹೇಳಬೇಕಾದ ಹೊಣೆ ಅಂದಿನಿಂದಲೇ ಶುರುವಾಯಿತು. ಕಥೋಲಿಕ ಉತ್ತರ ದೇವರ ಔದಾರ್ಯಕ್ಕೆ ಮಿತಿ ಹಾಕುವುದಿಲ್ಲ. ಕಾಲ್ಸೆದೋನಿನ ಮಾತನ್ನು ಕೊನೆಯವರೆಗೆ ಹಿಡಿದು ಹೋಗುತ್ತದೆ. ಯೇಸುವಿನ ದೇಹ ತೊಟ್ಟು ಬಿಚ್ಚುವ ವೇಷವಲ್ಲ. ಅದು ಬರಿಯ ತೋರಿಕೆ ಎಂದವರನ್ನು ಧರ್ಮಸಭೆ ಆರಂಭದ ಕಾಲದಲ್ಲೇ ನಿರಾಕರಿಸಿತು. ವಿಶ್ವಾಸ ಪ್ರಮಾಣದಲ್ಲಿ ಪೊಂತಿಯುಸ್ ಪಿಲಾತನ ಹೆಸರು ಸೇರಿರುವುದೂ ಇದಕ್ಕಾಗಿಯೇ: ಆ ಸಾವು ಒಬ್ಬ ರೋಮನ್ ಅಧಿಕಾರಿಯ ಆಳ್ವಿಕೆಯಲ್ಲಿ, ಇಂಥ ಊರಿನಲ್ಲಿ ನಡೆದದ್ದು. ಪುನರುತ್ಥಾನದ ನಂತರವೂ ಕ್ರಿಸ್ತನು ಆ ದೇಹವನ್ನು, ಅದರ ಗಾಯದ ಗುರುತುಗಳ ಸಮೇತ, ಬಿಟ್ಟುಹೋಗಲಿಲ್ಲ. ದೇವರು ಒಮ್ಮೆ ಮನುಷ್ಯನಾಗಿ ಮನುಷ್ಯನಾಗಿಯೇ ಉಳಿದಿದ್ದಾನೆ ಎಂಬುದು ನಂಬಿಕೆ. ಬಿಟ್ಟುಹೋಗದವನು ಮರಳಿ ಹುಟ್ಟಿಬರುವ ಪ್ರಶ್ನೆ ಏಳುವುದಿಲ್ಲ.

ಹಾಗಾದರೆ ಆ ಒಬ್ಬನನ್ನು ಅರಿಯದವರ ಗತಿ? 1940ರ ದಶಕದಲ್ಲಿ ಅಮೆರಿಕದ ಲಿಯೊನಾರ್ಡ್ ಫೀನಿ ಎಂಬ ಗುರು, ಕಥೋಲಿಕರಲ್ಲದವರಿಗೆ ರಕ್ಷಣೆಯೇ ಇಲ್ಲ ಎಂದು ಬೋಧಿಸಿದರು. ರೋಮ್ 1949ರಲ್ಲೇ ಆ ಅರ್ಥವನ್ನು ತಿರಸ್ಕರಿಸಿತು. ಕರೆದರೂ ಬಂದು ಉತ್ತರ ಹೇಳದ ಫೀನಿ 1953ರಲ್ಲಿ ಬಹಿಷ್ಕೃತರಾದರು. 1964ರಲ್ಲಿ ಎರಡನೇ ವ್ಯಾಟಿಕನ್ ಸಭೆ, ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ ಮನಸ್ಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಪಡೆಯಬಲ್ಲರು ಎಂದು ಬರೆಯಿತು. ಅವರೂ ರಕ್ಷಣೆ ಪಡೆಯುವುದು ಕ್ರಿಸ್ತನ ಮೂಲಕವೇ ಎಂಬ ಮಾತನ್ನು ಧರ್ಮಸಭೆ ಬಿಟ್ಟಿಲ್ಲ, ಅದನ್ನು ಮುಚ್ಚಿಡುವುದೂ ಸರಿಯಲ್ಲ. ಮತ್ತೆ ಸುವಾರ್ತೆ ಸಾರುವುದೇಕೆ ಎಂದರೆ, ಸತ್ಯವೆಂದು ನಂಬಿದ್ದನ್ನು ಹಂಚಿಕೊಳ್ಳುವುದು ನಂಬಿಕೆಯ ಸ್ವಭಾವ. ಆದರೆ ಒತ್ತಾಯಕ್ಕೆ ಎಡೆಯಿಲ್ಲ. ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಕಥೋಲಿಕರಾಗಲು ಬಲವಂತ ಮಾಡಬಾರದೆಂಬುದು ಧರ್ಮಸಭೆಯ ಕಾನೂನು. 1560ರಿಂದ 1812ರವರೆಗೆ, ನಡುವೆ ಕೆಲ ಕಾಲ ಬಿಟ್ಟು, ನಡೆದ ಗೋವೆಯ ಇನ್‌ಕ್ವಿಜಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ ಈ ತತ್ವಕ್ಕೆ ಬಗೆದ ದ್ರೋಹ. ಅದನ್ನು ಆ ಕಾಲದ ರೀತಿ ಎಂದು ಸಮರ್ಥಿಸುವವರ ಜೊತೆ ನಾನಿಲ್ಲ.

ಇಷ್ಟಾದ ಮೇಲೂ ಉಳಿಯುವ, ನನ್ನ ವಾದವನ್ನು ನಿಜವಾಗಿ ಅಲುಗಿಸುವ ಆಕ್ಷೇಪ ಒಂದಿದೆ. ದೇವರು ಮನುಷ್ಯನಾದನೆಂದರೆ ಎಲ್ಲ ಮನುಷ್ಯದೇಹಕ್ಕೂ ಸಮಾನ ಘನತೆ ಬರಬೇಕು. ಹಾಗಿದ್ದರೆ ಧರ್ಮಸಭೆಯೊಳಗೆ ಜಾತಿ ಹೇಗೆ ಉಳಿಯಿತು? ಘನತೆ ಬಂದದ್ದಕ್ಕೆ ಸಾಕ್ಷಿ ಇಲ್ಲವೆಂದಲ್ಲ. ಮಾಗಡಿ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಪರಿಚಿತವಾದ ಸುಮನಹಳ್ಳಿಯಲ್ಲಿ 1970ರ ದಶಕದ ಕೊನೆಯಿಂದ ಬೆಂಗಳೂರು ಮಹಾಧರ್ಮಕ್ಷೇತ್ರ ಸರ್ಕಾರದೊಂದಿಗೆ ಕೈಜೋಡಿಸಿ ಕುಷ್ಠರೋಗಿಗಳ ಆರೈಕೆ, ಪುನರ್ವಸತಿ ನಡೆಸುತ್ತ ಬಂದಿದೆ. ಊರು ದೂರವಿಟ್ಟ ಮೈಗಳನ್ನು ಮುಟ್ಟಿ ಉಪಚರಿಸುವ ಆ ಕೆಲಸ, ನಾನು ಇದುವರೆಗೆ ಹೇಳಿದ ಸಿದ್ಧಾಂತದ ನೇರ ಫಲ. ಆದರೆ ಇದೇ ಧರ್ಮಸಭೆಯಲ್ಲಿ ದಲಿತ ಕ್ರೈಸ್ತರು ತಾರತಮ್ಯ ಉಂಡಿದ್ದಾರೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರ ಡಿಸೆಂಬರಿನಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಇದನ್ನು ಒಪ್ಪಿಕೊಂಡು, ಜಾತಿಭೇದ ಘೋರ ಪಾಪವೆಂದು ಸಾರಿದೆ. ಇದು ಸಮಾಜದಿಂದ ಒಳಗೆ ಬಂದ ಪಿಡುಗು, ನಂಬಿಕೆಯದಲ್ಲ ಎನ್ನುವ ಸಮಾಧಾನ ಸಾಲದು. ದೇವರು ಮನುಷ್ಯನಾದನೆಂದು ಭಾನುವಾರ ಹೇಳಿ, ಒಬ್ಬ ಮನುಷ್ಯನ ಜೊತೆ ಪಂಕ್ತಿಯಲ್ಲಿ ಕೂರಲು, ಸಂಬಂಧ ಬೆಳೆಸಲು ಹಿಂಜರಿದರೆ ನಿಸೇಯದಿಂದ ಹಿಡಿದು ಎಲ್ಲ ಮಹಾಸಭೆಗಳ ತೀರ್ಮಾನವನ್ನೂ ನಡತೆಯಲ್ಲಿ ಅಲ್ಲಗಳೆದಂತಾಯಿತು.

ಆದ್ದರಿಂದ ನನ್ನ ಕಥೋಲಿಕ ಬಂಧುಗಳಲ್ಲಿ ಒಂದು ವಿನಂತಿ. ನೆರೆಯವರು ಪ್ರತಿಮೆಯ ಬಗ್ಗೆ, ಮರಿಯಮ್ಮನ ಬಗ್ಗೆ ಕೇಳಿದಾಗ ಸಿಡುಕಬೇಡಿ, ಕನ್ನಡದಲ್ಲೇ ತಿಳಿಯಾಗಿ ಉತ್ತರ ಹೇಳುವಷ್ಟು ನಿಮ್ಮ ನಂಬಿಕೆಯನ್ನು ಓದಿಕೊಳ್ಳಿ. 2016ರ ಆ ನೀತಿಯನ್ನು ನಿಮ್ಮ ಧರ್ಮಕೇಂದ್ರದಲ್ಲಿ ಎಲ್ಲರೂ ಕೇಳುವಂತೆ ಓದಿಸಿ, ಅದರಂತೆ ನಡೆಯುತ್ತಿದೆಯೆ ಎಂದು ನಿಮ್ಮ ಗುರುಗಳನ್ನು ಕೇಳಿ. ಇತರ ಧರ್ಮದ ಗೆಳೆಯರಲ್ಲಿ ಕೇಳಿಕೊಳ್ಳುವುದಿಷ್ಟೆ: ಪ್ರಶ್ನೆ ಕೇಳುವುದನ್ನು ನಿಲ್ಲಿಸಬೇಡಿ, ಜಾತಿಯ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಿ.